ಉಣಕಲ್ ಕೆರೆಯ ಕೊಳೆ ನೀರಲ್ಲಿರುವ ಕಪ್ಪೆಗೆ ಗಾಯವಾದರೂ ಸುಲಭಕ್ಕೆ ಕೀವಾಗಲ್ಲ, ಯಾಕೆ? ಅದರಿಂದ ನಮಗೆ ಔಷಧಿ ಸಿಗುತ್ತಾ?

ಕಪ್ಪೆಯ ಚರ್ಮವೇ ಔಷಧಿ ತಯಾರಿಸುತ್ತದೆ. ಅದು ಸ್ರವಿಸುವ ಪೆಪ್ಟೈಡ್‌ಗಳು, ಅಂದರೆ ಪ್ರೋಟೀನಿನಂಥ ಪುಟ್ಟ ಸರಪಳಿಗಳು, ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ.

ಗುಟ್ಟಿರುವುದು ವಿದ್ಯುತ್ ಸೆಳೆತದಲ್ಲಿ. ಈ ಪೆಪ್ಟೈಡ್‌ಗಳದ್ದು ಪ್ಲಸ್, ಬ್ಯಾಕ್ಟೀರಿಯಾದ ಪೊರೆಯದ್ದು ಮೈನಸ್. ಎರಡೂ ಸೆಳೆದುಕೊಳ್ಳುತ್ತವೆ ಅಲ್ವಾ? ಪೆಪ್ಟೈಡ್ ಹೋಗಿ ಅಂಟಿಕೊಳ್ಳುತ್ತದೆ, ಪೊರೆಯೊಳಗೆ ನುಗ್ಗಿ ತೂತು ಮಾಡುತ್ತದೆ. ಒಳಗಿನದೆಲ್ಲ ಸೋರಿಹೋಗಿ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಜೀವಕೋಶದ ಹೊರಮೈಯಲ್ಲಿ ಮೈನಸ್ ತೀರಾ ಕಡಿಮೆ, ಕೊಲೆಸ್ಟರಾಲ್ ಬೇರೆ ಅದನ್ನು ಗಟ್ಟಿಯಾಗಿಸಿರುತ್ತದೆ. ಹಾಗಾಗಿ ಅವು ಬಹುಮಟ್ಟಿಗೆ ಬಚಾವ್.

1987ರಲ್ಲಿ ವಿಜ್ಞಾನಿ ಮೈಕೆಲ್ ಝಾಸ್ಲಾಫ್ ಆಫ್ರಿಕಾದ ಒಂದು ಕಪ್ಪೆಯಲ್ಲಿ ಇಂಥದ್ದನ್ನು ಕಂಡುಹಿಡಿದು 'ಮ್ಯಾಗೈನಿನ್' ಎಂದು ಹೆಸರಿಟ್ಟರು. ನಮ್ಮ ಚರ್ಮದಲ್ಲಿ, ಕರುಳಿನಲ್ಲೂ ಇವುಗಳ ಬಳಗ ಇದೆ. ನನಗಂತೂ ಇದೇ ದೊಡ್ಡ ಬೆರಗು.

ಔಷಧಿ ಈಗಾಗಲೇ ಇದೆ. ಬೇರೆ ಆಂಟಿಬಯಾಟಿಕ್ ಕೆಲಸ ಮಾಡದಿದ್ದಾಗ ಐಸಿಯುಗಳಲ್ಲಿ ಕೊಡುವ ಕೊಲಿಸ್ಟಿನ್ ಇದೇ ಬಗೆಯದು. ಅದು ಸಿಕ್ಕಿದ್ದು ಕಪ್ಪೆಯಿಂದಲ್ಲ, ಒಂದು ಬ್ಯಾಕ್ಟೀರಿಯಾದಿಂದ. ಕಿಡ್ನಿಗೆ ಪೆಟ್ಟು ಕೊಡಬಹುದು, ಅದಕ್ಕೇ ಸುಮ್ನೆ ಬರೆಯುವುದಿಲ್ಲ. ಹೊಸ ಪೆಪ್ಟೈಡ್‌ಗಳಿಗೆ ಇರುವ ದೊಡ್ಡ ತೊಡಕೆಂದರೆ, ನಮ್ಮ ದೇಹದ ಕಿಣ್ವಗಳೇ ಅವನ್ನು ಬೇಗ ತುಂಡರಿಸಿಬಿಡುತ್ತವೆ.

ಆದರೆ ಕಪ್ಪೆಯನ್ನು ಹಿಡಿದು ಗಾಯಕ್ಕೆ ಉಜ್ಜಬೇಡಿ. ಕೆಲವು ಕಪ್ಪೆಗಳ ಚರ್ಮದಲ್ಲಿ ವಿಷವೂ ಇರುತ್ತದೆ.