ತೇಗದ ಸೋಫಾ ತಾರಸಿಗೆ ಬರುವ ಮುನ್ನ

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ತಾರಸಿ 14 ಅಡಿ ಉದ್ದ, 12 ಅಡಿ ಅಗಲ. ಮೇಲೆ ಸೂರಿಲ್ಲ. ಬೇಕೆಂದಾಗ ಬಿಡಿಸಿ ಜೋಡಿಸಬಹುದಾದ ತೇಗದ ಸೋಫಾ ಮಾಡಿಸಬೇಕು. ಎಷ್ಟು ಮರ ಹಿಡಿಯುತ್ತದೆ? ಆಚಾರಿಗೆ ಏನು ಹೇಳಬೇಕು?

ಉತ್ತರ: ನಿಮ್ಮ ಜಾಗಕ್ಕೆ 30 ಇಂಚು ಚೌಕದ ಐದು ಬಿಡಿ ಆಸನಗಳು ಸಾಕು. ಮೂಲೆಗೊಂದು, ಅದರ ಎರಡೂ ಪಕ್ಕಕ್ಕೆ ಎರಡೆರಡು ಇಟ್ಟರೆ ಒಂದೊಂದು ಬದಿ ಏಳೂವರೆ ಅಡಿ ಆಗುತ್ತದೆ. ಮರದ ಚೌಕಟ್ಟಿನ ಎತ್ತರ 12 ಇಂಚು ಇರಲಿ. 5 ಇಂಚಿನ ಮೆತ್ತೆ ಕೂತಾಗ ಒಂದಿಂಚು ತಗ್ಗುತ್ತದೆ. ಕೂರುವ ಎತ್ತರ 16 ಇಂಚಿಗೆ ನಿಲ್ಲುತ್ತದೆ.

ಎರಡೂವರೆ ಇಂಚು ದಪ್ಪದ ಕಾಲು, 4 ಇಂಚು ಅಗಲ ಒಂದೂಕಾಲು ಇಂಚು ದಪ್ಪದ ಅಡ್ಡಪಟ್ಟಿ, ಮುಕ್ಕಾಲು ಇಂಚಿನ ಆಸನದ ಪಟ್ಟಿ ಎಂದು ಹಿಡಿದರೆ, ಬೆನ್ನು ಸೇರಿ ಒಂದು ಆಸನದಲ್ಲಿ ಉಳಿಯುವ ಮರ ಸುಮಾರು 1.1 ಘನ ಅಡಿ, ತೂಕ 20 ಕೆ.ಜಿ. ಆಸುಪಾಸು. ಕೊಯ್ದು, ಹತ್ತರಿ ಹೊಡೆದು, ಬಿಳಿಭಾಗ ತೆಗೆದರೆ ನಷ್ಟ ದೊಡ್ಡದೇ. ಹಾಗಾಗಿ ಆಸನಕ್ಕೆ 1.6 ಘನ ಅಡಿಯಂತೆ ಎಣಿಸಿ. ಮೂಲೆಯ ಆಸನಕ್ಕೆ ಎರಡು ಬೆನ್ನು ಇರುವುದರಿಂದ ಒಟ್ಟು 8ರಿಂದ 9 ಘನ ಅಡಿ ತರಿಸಿ.

ಈ ಬಿಳಿಭಾಗದ ವಿಷಯದಲ್ಲಿ ದಯವಿಟ್ಟು ಬಿಗಿಯಾಗಿರಿ. ತೇಗಕ್ಕೆ ಹೆಸರು ತಂದದ್ದು ಅದರ ಕಂದು ಚೇಗು, ಅಂದರೆ ಕಾಂಡದ ನಡುವಿನ ಬಲಿತ ಮರ. ಎಣ್ಣೆಯಂಶವೂ ಹುಳ ತಡೆಯುವ ಗುಣವೂ ಇರುವುದು ಅಲ್ಲಿ ಮಾತ್ರ. ಹೊರಸುತ್ತಿನ ಬಿಳಿ ಮರ ಮಳೆಗೆ ಬೇಗ ಕೊಳೆಯುತ್ತದೆ. ದಾಂಡೇಲಿಯ ಕಡೆಯ ಬಲಿತ ಮರದಲ್ಲಿ ಬಿಳಿ ಕಡಿಮೆ; ತೋಟದಂಚಿನಲ್ಲಿ ಬೆಳೆದು ಹದಿನೈದು ವರ್ಷಕ್ಕೇ ಕಡಿದ ಮರದಲ್ಲಿ ಹೆಚ್ಚು. ಬಣ್ಣ ಬಳಿದ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಆದ್ದರಿಂದ ಪಾಲಿಶ್‌ಗೆ ಮೊದಲೇ ಪ್ರತಿ ತುಂಡನ್ನೂ ತಿರುಗಿಸಿ ನೋಡಿ. ತೇವಾಂಶ 12 ಶೇಕಡಾ ಮೀರಿರಬಾರದು, ಮೀಟರ್ ಇಟ್ಟು ಅಳೆಸಿ.

ಆಸನಕ್ಕೆ ಅಗಲ ಹಲಗೆ ಬೇಡ. ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಎರಡಡಿ ಅಗಲದ ತೇಗದ ಹಲಗೆ ಆರೇಳು ಮಿ.ಮೀ. ಹಿಗ್ಗಿ ಕುಗ್ಗಬಹುದು, ಬಿಗಿದು ಕೂರಿಸಿದ್ದರೆ ಸೀಳುತ್ತದೆ. ಎರಡೂವರೆ ಇಂಚಿನ ಪಟ್ಟಿಗಳನ್ನು 10–12 ಮಿ.ಮೀ. ಬಿಟ್ಟು ಹೊಡೆಸಿ, ನೀರೂ ಇಳಿಯುತ್ತದೆ, ಗಾಳಿಯೂ ಆಡುತ್ತದೆ.

ಕೀಲುಗಳಿಗೆ ಬಿಳಿ ಅಂಟು ಬೇಡ, ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಹಾಕಿಸಿ. ತೇಗದ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಅಂಟುವ ಮುಖವನ್ನು ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ, ಎಣ್ಣೆ ಮತ್ತೆ ಮೇಲೆ ಬರುವ ಮೊದಲು, ಅಂಟು ಹಚ್ಚಬೇಕು. ಕಾಲಿನ ಬುಡ ನೀರನ್ನು ಹುಲ್ಲುಕಡ್ಡಿಯಂತೆ ಹೀರುತ್ತದೆ. ಅಲ್ಲಿಗೂ ಎರಡು ಕೈ ಎಪಾಕ್ಸಿ ಬಳಿದು, ಕೆಳಗೆ ನೈಲಾನ್ ಗುಂಡಿ ಹಾಕಿ ಅರ್ಧ ಇಂಚು ಎತ್ತರಿಸಿ. ಆಸನಗಳನ್ನು ಒಂದಕ್ಕೊಂದು ಹಿಡಿಸಲು ಅಡಿಯಿಂದ ಸಿಕ್ಕಿಸುವ ಸ್ಟೇನ್‌ಲೆಸ್ ಕ್ಲಿಪ್ ಸಾಕು, ಜೋಡಿಗೆ ಎರಡು.

ಪ್ರಶ್ನೆ: ಮಂಗಳೂರಿನಲ್ಲಿ ಕಡಲಿಗೆ ಹತ್ತಿರದ ಮನೆ. ವಾರ್ನಿಶ್ ಹಾಕಿದ ತೇಗದ ಸೋಫಾ ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದಿದೆ. ಸ್ಕ್ರೂಗಳ ಸುತ್ತ ಕಪ್ಪಾಗಿದೆ. ಮರವೇ ಕಳಪೆಯೇ?

ಉತ್ತರ: ಮರವನ್ನು ದೂರುವ ಮೊದಲು ವಾರ್ನಿಶ್ ನೋಡಿ. ಮರ ಹಿಗ್ಗಿದಾಗ ವಾರ್ನಿಶ್ ಪದರ ಕೀಲಿನ ಬಳಿ ಬಿರಿಯುತ್ತದೆ, ನೀರು ಒಳನುಗ್ಗಿ ಅದರಡಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಕೆರೆದು ತೆಗೆಸಿ. 80, ಆಮೇಲೆ 120 ನಂಬರಿನ ಉಪ್ಪುಕಾಗದವನ್ನು ಎಳೆಯುದ್ದಕ್ಕೆ ಉಜ್ಜಿಸಿ.

ಸ್ಕ್ರೂ ಸುತ್ತ ಕಪ್ಪಾಗಿರುವುದು ಕಬ್ಬಿಣದ ಕಲೆ. ಸ್ಕ್ರೂಗಳನ್ನು ಬಿಚ್ಚಿ, ಲೀಟರ್ ಬೆಚ್ಚನೆ ನೀರಿಗೆ 60 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಪ್ಲಾಸ್ಟಿಕ್ ಬಕೆಟ್‌ನಿಂದ ಹಚ್ಚಿ. 20 ನಿಮಿಷ ಬಿಟ್ಟು ಧಾರಾಳ ನೀರಲ್ಲಿ ತೊಳೆಯಿರಿ. ಅದು ವಿಷ: ಕೈಗವಸು, ಕನ್ನಡಕ ಇರಲಿ, ಮಕ್ಕಳು ದೂರವಿರಲಿ, ಬ್ಲೀಚ್ ಜೊತೆ ಎಂದೂ ಬೆರೆಸಬೇಡಿ. ಕಪ್ಪು ಚುಕ್ಕಿಗಳು ಮೈತುಂಬ ಹರಡಿದ್ದರೆ ಅದು ಬೂಸ್ಟು, ಅದಕ್ಕೆ ಸೋಪುನೀರು ಮತ್ತು ಮೆದು ಬ್ರಷ್ ಸಾಕು. ಉಪ್ಪುಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಕೂಡ ಚುಕ್ಕಿ ಚುಕ್ಕಿ ತುಕ್ಕು ಹಿಡಿಯುತ್ತದೆ. ನಿಮ್ಮಲ್ಲಿಗೆ 316 ದರ್ಜೆಯದ್ದೇ ಬೇಕು.

ಪ್ರಶ್ನೆ: ನಮ್ಮ ಸಾಗವಾನಿ ಬೂದಿ ಬಣ್ಣಕ್ಕೆ ತಿರುಗಿದೆ. ಎಣ್ಣೆ ಹಚ್ಚಬೇಕೆ? (ಧಾರವಾಡ)

ಉತ್ತರ: ಬೇಕಿಲ್ಲ. ಬಿಸಿಲಿಗೆ ಬಣ್ಣ ಹೋದದ್ದು ಮೇಲ್ಮೈಯಲ್ಲಷ್ಟೇ, ಒಳಗೆ ಚೇಗು ಗಟ್ಟಿಯಾಗಿದೆ. ಅಂಗಡಿಯ ‘ಟೀಕ್ ಆಯಿಲ್’ ತೇಗದಿಂದ ಬಂದದ್ದಲ್ಲ, ಹೆಚ್ಚಿನವುಗಳಲ್ಲಿ ಅಗಸೆಯೆಣ್ಣೆ ಇರುತ್ತದೆ. ಬೂಸ್ಟಿಗೆ ಅದು ಆಹಾರ. ಜೇನುಬಣ್ಣವೇ ಬೇಕೆಂದರೆ ಬಿಸಿಲಿನ ಕಿರಣ ತಡೆಯುವ ನೀರು ಆಧಾರಿತ ಟೀಕ್ ಸೀಲರ್ ಹಚ್ಚಿ, ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಜೋರು ನೀರಿನ ಪಂಪ್ ಮಾತ್ರ ಬೇಡ. ಮೆದು ಎಳೆ ಕಿತ್ತುಹೋಗಿ ಮರ ತರಿತರಿಯಾಗುತ್ತದೆ.

ಪ್ರಶ್ನೆ: ಮೆತ್ತೆ ಒಣಗುವುದೇ ಇಲ್ಲ, ವಾಸನೆ ಬರುತ್ತಿದೆ.

ಉತ್ತರ: ಒಳಗಿರುವುದು ಮನೆಯೊಳಗಿನ ಫೋಮ್. ದೊಡ್ಡ ತೂತುಗಳ, ನೀರು ಸೋರಿಹೋಗುವ ‘ಕ್ವಿಕ್ ಡ್ರೈ’ ಫೋಮ್ ಕೇಳಿ. ಹೊದಿಕೆಯ ಅಡಿಭಾಗಕ್ಕೆ ಬಲೆಬಟ್ಟೆ ಹೊಲಿಸಿ. ಮಳೆ ನಿಂತ ಮೇಲೆ ಮೆತ್ತೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ಜಿಪ್ ಇರುವ ಬದಿ ಕೆಳಗಿರಲಿ.