ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಹುಡುಗ

ಪುಣೆಯ ಕರ್ವೆನಗರದಿಂದ ಬಂದ ಈ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ತೆಗೆದು ಓದುತ್ತೇನೆ, ಸಂಕಟವಾಗಿ ಮತ್ತೆ ಮಡಚಿಡುತ್ತೇನೆ. ಬರೆದವರು ಧಾರವಾಡದ ಕಡೆಯವರು. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೇಳು ವರ್ಷ. ಒಬ್ಬನೇ ಮಗ. ಖಡಕ್‌ವಾಸ್ಲಾದ ಸೇನಾ ತರಬೇತಿ ಅಕಾಡೆಮಿ ಎನ್‌ಡಿಎಯಲ್ಲಿ ಮೂರು ವರ್ಷ, ಡೆಹ್ರಾಡೂನಿನಲ್ಲಿ ಒಂದು ವರ್ಷ ಮುಗಿಸಿ ಈಗ ಸೇನೆಯಲ್ಲಿ ಲೆಫ್ಟಿನೆಂಟ್.

2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾದಾಗ ಮಗ ಗಡಿಯ ಪೂಂಛ್ ಕಡೆ ಇದ್ದ. ಫೋನ್ ಇಲ್ಲ. ಮೇ 10ರ ಸಂಜೆ ಗುಂಡು ನಿಲ್ಲಿಸಲು ಭಾರತ, ಪಾಕಿಸ್ತಾನ ಎರಡೂ ಒಪ್ಪಿದವು. ಮರುದಿನ ಭಾನುವಾರ, ಭಾವನ (ಗಂಡನ ಅಣ್ಣನ) ಮನೆಯಲ್ಲಿ ಸತ್ಯನಾರಾಯಣ ಪೂಜೆ. ಭಾವ ಹಿಂದೆ ನಗರಸೇವಕ, ಅಂದರೆ ಪಾಲಿಕೆ ಸದಸ್ಯ, ಆಗಿದ್ದವರು, ಈಗಲೂ ಪಕ್ಷದಲ್ಲಿ ಓಡಾಡುವವರು. ಎಲೆ ಮುಂದೆ ಕೂತು, "ಇಷ್ಟಕ್ಕೇ ನಿಲ್ಲಿಸಿದ್ದು ತಪ್ಪು, ಇನ್ನೊಂದು ತಿಂಗಳು ನಡೀಬೇಕಿತ್ತು" ಅಂದರು. ಈ ತಾಯಿ ತಡೆಯಲಾರದೆ, "ಹಾಗಾದ್ರೆ ಮೊದಲು ನಿಮ್ಮ ಮಗನನ್ನ ಕಳಿಸಿ, ಆಮೇಲೆ ಮಾತಾಡಿ" ಅಂದುಬಿಟ್ಟರು. ಭಾವ ಊಟ ಬಿಟ್ಟು ಎದ್ದರು. ಅಂದಿನಿಂದ ಮನೆಗಳ ನಡುವೆ ಮಾತಿಲ್ಲ. ಅತ್ತೆ ಕ್ಷಮೆ ಕೇಳು ಅನ್ನುತ್ತಾರೆ. ಗಂಡ "ಸುಮ್ನೆ ಒಂದು ಸಾರಿ ಹೇಳಿ ಮುಗಿಸಿಬಿಡು" ಅನ್ನುತ್ತಾರೆ. ನಾನು ಹೇಳಿದ್ದರಲ್ಲಿ ತಪ್ಪೇನು, ನಾಯಕರ ಮಕ್ಕಳೂ ಯುದ್ಧಕ್ಕೆ ಹೋಗಬೇಕಲ್ವಾ? ಇದು ಅವರ ಪ್ರಶ್ನೆ.

ಮೊದಲು ಒಂದು ಮಾತು. ಭಾವನ ಕ್ಷಮೆ ಕೇಳಬೇಡಿ. ಮಗ ಬದುಕಿದ್ದಾನೋ ಇಲ್ಲವೋ ಅಂತ ನಾಲ್ಕು ರಾತ್ರಿ ಫೋನ್ ಎದೆ ಮೇಲೆ ಇಟ್ಟುಕೊಂಡು ಮಲಗಿದವರು ನೀವು. ನಿಮ್ಮೆದುರು ಕೂತು ಇನ್ನೊಂದು ತಿಂಗಳು ಅನ್ನುವುದಕ್ಕೆ ಅವರಿಗೆ ನಾಲಿಗೆ ಹೇಗೆ ಬಂತು? ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ.

ಭಾವನಿಗಿಂತ ಜಾಸ್ತಿ ಕೋಪ ನನಗೆ ನಿಮ್ಮ ಗಂಡನ ಮೇಲೆ. ಅವರೂ ಆ ಪಂಕ್ತಿಯಲ್ಲೇ ಕೂತಿದ್ದರು. ಪೂಂಛ್‌ನಲ್ಲಿ ಇದ್ದದ್ದು ಅವರ ಮಗನೂ ಹೌದು. "ಅಣ್ಣಾ, ಸಾಕು ಮಾಡು" ಅಂತ ಅವರು ಒಂದು ಮಾತು ಹೇಳಿದ್ದರೆ ನೀವು ಬಾಯಿ ತೆರೆಯಬೇಕಾಗಿರಲಿಲ್ಲ. ಅಣ್ಣನೆದುರು ತಲೆ ಬಗ್ಗಿಸಿ ಉಂಡವರು ಈಗ ನಿಮಗೆ ಬುದ್ಧಿ ಹೇಳುತ್ತಿದ್ದಾರೆ. ಗಂಡಸರ ಈ ಮೌನದ ಬಗ್ಗೆ ನಾನು ಎಷ್ಟು ಸಾರಿ ಬರೆದಿದ್ದೇನೋ. ಇನ್ನೂ ಬರೆಯುತ್ತೇನೆ.

ಇನ್ನು ನಿಮ್ಮ ಪ್ರಶ್ನೆ. ಹೌದು, ಯುದ್ಧ ಬೇಕು ಅಂತ ತೀರ್ಮಾನಿಸುವವರ ಮನೆಗೂ ಅದರ ಬಿಸಿ ತಟ್ಟಬೇಕು ಅಂತ ನಾನೂ ನಂಬುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ನಾಲ್ಕೂ ಗಂಡುಮಕ್ಕಳು ಸೇನೆಯಲ್ಲಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ರಧಾನಿ ಆಸ್ಕ್ವಿತ್ ಅವರ ಹಿರಿಯ ಮಗ ರೇಮಂಡ್ 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಸತ್ತ. ಮಗ ಸತ್ತ ಅಂತ ಅಪ್ಪ ಯುದ್ಧ ನಿಲ್ಲಿಸಲಿಲ್ಲ. ಅದೇ ಕದನ ನವೆಂಬರಿನವರೆಗೂ ನಡೆಯಿತು. ಹಾಗಾಗಿ ನಾಯಕರ ಮಕ್ಕಳು ಹೋದರೆ ಯುದ್ಧವೇ ಆಗುವುದಿಲ್ಲ ಅಂತ ನಾನು ಹೇಳಲಾರೆ. ಆದರೆ ಸತ್ತವರ ಮನೆಗೆ ಹೋಗಿ ಕೂತಾಗ, ನನ್ನ ಮನೆಯಲ್ಲೂ ಆಗಿದೆ ಅನ್ನಬಲ್ಲ ನಾಯಕನ ಮಾತಿಗೆ ಒಂದು ತೂಕ ಇರುತ್ತದೆ.

ಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ನಮ್ಮ ಕೊಡಗಿನ ಕಾರ್ಯಪ್ಪನವರನ್ನೇ ನೋಡಿ. 1965ರ ಯುದ್ಧದಲ್ಲಿ ಅವರ ಮಗ ನಂದಾ ಕಾರ್ಯಪ್ಪ ವಾಯುಪಡೆಯ ಪೈಲಟ್. ವಿಮಾನ ಉರುಳಿ ಪಾಕಿಸ್ತಾನದ ಕೈಗೆ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್, ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ನಿಮ್ಮ ಮಗನನ್ನು ವಿಶೇಷವಾಗಿ ನೋಡಿಕೊಳ್ಳುತ್ತೇವೆ ಅಂತ ಹೇಳಿ ಕಳಿಸಿದರು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಿ ಅಂದರು. ಆ ಅಪ್ಪನ ಎದೆಯಲ್ಲಿ ಆಗ ಏನಾಗಿರಬೇಕು ಅಂತ ನಿಮ್ಮನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಆದರೆ ಇಲ್ಲಿ ಒಂದು ವಿಷಯ ಗಮನಿಸಿ. ನಂದಾ ಕಾರ್ಯಪ್ಪ ಪೈಲಟ್ ಆಗಿದ್ದು ತಾವೇ ಬಯಸಿ. ರೇಮಂಡ್ ಕೂಡ ತಾನಾಗಿ ಸೇರಿದವನು. ಹಿಂದೆ ಮುಖ್ಯ ಕಚೇರಿಯಲ್ಲಿ ಸುರಕ್ಷಿತವಾದ ಕೆಲಸ ಇದ್ದರೂ ಬಿಟ್ಟು ಮುಂಚೂಣಿಗೆ ವಾಪಸ್ ಹೋದ. ನಮ್ಮ ದೇಶದಲ್ಲಂತೂ ಕಡ್ಡಾಯ ಸೇನೆ ಇಲ್ಲವೇ ಇಲ್ಲ. ಸೇನೆಗೆ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯಲ್ಲಿ ಐದು ದಿನ ಕೂರಿಸಿ ಪರೀಕ್ಷೆ ಮಾಡುವುದು ಹುಡುಗನನ್ನು, ಅವನ ಅಪ್ಪನನ್ನಲ್ಲ. ನಿಮ್ಮ ಮಗನನ್ನೂ ನೀವು ಕಳಿಸಿದ್ದಲ್ಲ. ಹನ್ನೆರಡನೇ ತರಗತಿಯಲ್ಲಿ ಅವನೇ ಫಾರ್ಮ್ ತುಂಬಿ ಬಂದು ಹೇಳಿದ, ನಾನು ಎರಡು ದಿನ ಅತ್ತೆ ಅಂತ ನೀವೇ ಬರೆದಿದ್ದೀರಿ. ಅಂದಮೇಲೆ "ನಿಮ್ಮ ಮಗನನ್ನ ಕಳಿಸಿ" ಅನ್ನುವ ಮಾತು ಯಾರಿಗೆ ತಾಗುತ್ತದೆ?

ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ಕಂಸದಲ್ಲಿ ಒಂದು ಸಾಲು ಇದೆ. "(ಭಾವನ ಮಗ ಆಗ ತುಪ್ಪ ಬಡಿಸುತ್ತಿದ್ದ. ಈಗ ಅವನೂ ಬರುವುದಿಲ್ಲ, ಮೆಸೇಜಿಗೂ ಉತ್ತರ ಇಲ್ಲ.)" ಅಷ್ಟೇ. ಅದಕ್ಕೂ ಮೊದಲು, ಬೇರೆ ಏನೋ ಹೇಳುವಾಗ, ಇವನೇ ತಳೇಗಾವದ ಹಾಸ್ಟೆಲಿನಿಂದ ಪ್ರತಿ ಶನಿವಾರ ಬಂದು "ಕಾಕು (ಚಿಕ್ಕಮ್ಮ), ಅವಲಕ್ಕಿ ಮಾಡು" ಅನ್ನುತ್ತಿದ್ದ ಅಂತ ಬರೆದಿದ್ದೀರಿ. ಆ ನಾಲ್ಕು ರಾತ್ರಿ, ನಿಮ್ಮ ಗಂಡ ಒಳಗೆ ಮಲಗಿದ್ದಾಗ, ಹೊರಗೆ ಹಾಲ್‌ನಲ್ಲಿ ನಿಮ್ಮ ಪಕ್ಕ ಚಾಪೆ ಹಾಸಿಕೊಂಡು ಎಚ್ಚರವಿದ್ದವನೂ ಅವನೇ.

ಅವನಿಗೆ ಇಪ್ಪತ್ತೊಂದು ವರ್ಷ. ಕೈಯಲ್ಲಿ ತುಪ್ಪದ ಗಿಂಡಿ. ಅವನ ಎದುರಿಗೇ, ಇಡೀ ಪಂಕ್ತಿ ಕೇಳುವ ಹಾಗೆ, ಅವನ ಕಾಕು ಅವನನ್ನು ಗುಂಡಿನ ಮುಂದೆ ನಿಲ್ಲಿಸಿದಳು. ಅವನ ಅಪ್ಪನ ಬಾಯಿ ಮುಚ್ಚಿಸುವುದಕ್ಕಾಗಿ. ಭಾವ ನಿಮ್ಮ ಮಗನ ಜೀವವನ್ನು ಮಾತಿನಲ್ಲಿ ಖರ್ಚು ಮಾಡಿದರು. ನೀವು ಅವರ ಮಗನದನ್ನು ಮಾಡಿದಿರಿ. ನಿಮ್ಮ ಮನಸ್ಸಿನಲ್ಲಿ ಅದು ಇರಲಿಲ್ಲ, ನನಗೆ ಗೊತ್ತು. ಅವನಿಗೆ ಗೊತ್ತಿಲ್ಲ. ಯುದ್ಧ ಮಾಡಿ ಅಂತಲೂ ಅವನು ಹೇಳಿರಲಿಲ್ಲ, ನಿಲ್ಲಿಸಿ ಅಂತಲೂ ಹೇಳಿರಲಿಲ್ಲ.

ಭಾವನಿಗೆ ಹೇಳಬೇಕಾದ್ದು ಬೇರೆ ಇತ್ತು. ನಿಮ್ಮ ಊರಿನಲ್ಲೇ, ಖಡಕಿಯಲ್ಲಿ, ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದ ಸೈನಿಕರ ಪುನರ್ವಸತಿ ಕೇಂದ್ರ ಇದೆ. ಇನ್ನೊಂದು ತಿಂಗಳು ನಡೆಯಬೇಕಿತ್ತು ಅನ್ನುವ ಮೊದಲು ಅಲ್ಲಿ ಒಂದು ಮಧ್ಯಾಹ್ನ ಕೂತು ಬನ್ನಿ ಅನ್ನಬಹುದಿತ್ತು. ಮಾತಾಡಿದವರಿಗೇ ಉತ್ತರ ಹೋಗುತ್ತಿತ್ತು. ಇದನ್ನು ನಿಮ್ಮ ಗಂಡ ಈಗಲೂ ಹೇಳಬಹುದು, ಹೇಳಲಿ. ಅದು ಅವರ ಪಾಲಿನ ಕೆಲಸ. ಅತ್ತೆಯ ಒತ್ತಾಯಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಪಾಲಿಗೆ ಇರುವುದು ಒಂದೇ ಕೆಲಸ. ಮೆಸೇಜ್ ಬೇಡ. ಫೋನಿನಲ್ಲಿ ಟೈಪ್ ಮಾಡಿದ ಕ್ಷಮೆಯನ್ನು ನಾನು ಕ್ಷಮೆ ಅಂತ ಒಪ್ಪಿದ್ದೇ ಇಲ್ಲ. ಬರುವ ಶನಿವಾರ ಬೆಳಿಗ್ಗೆ ಒಗ್ಗರಣೆ ಅವಲಕ್ಕಿ ಮಾಡಿ ಡಬ್ಬಿಗೆ ಹಾಕಿಕೊಳ್ಳಿ. ಶಿವಾಜಿನಗರದಲ್ಲಿ ಲೋಣಾವಳಾ ಲೋಕಲ್ ಹತ್ತಿ ತಳೇಗಾವದಲ್ಲಿ ಇಳಿಯಿರಿ. ಗಂಡನನ್ನು ಕರೆದುಕೊಂಡು ಹೋಗಬೇಡಿ. ಹಾಸ್ಟೆಲಿನ ಗೇಟಿನಲ್ಲಿ ಅವನನ್ನು ಕರೆಸಿ, "ಅವತ್ತು ನಿನ್ನ ಹೆಸರು ಎತ್ತಿದ್ದು ನನ್ನ ತಪ್ಪು" ಅನ್ನಿ. ಅವನ ಅಪ್ಪನ ಮಾತು ತೆಗೆಯಬೇಡಿ. ಅವನು ಸುಮ್ಮನೆ ನಿಂತರೆ ನೀವೂ ನಿಲ್ಲಿ. ಡಬ್ಬಿ ಕೊಟ್ಟು ಬನ್ನಿ.