ಹೊರಗಿನಿಂದ ಚಿಲಕ ಹಾಕಿದ ಕೋಣೆ

ತಿಪಟೂರಿನಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪಕ್ಕದ ಮನೆಯಲ್ಲಿ 78 ವರ್ಷದ ಅಜ್ಜಿ ಇದ್ದಾರೆ. ಐದು ವರ್ಷದ ಹಿಂದೆ ಮನೆಯನ್ನು ಕಿರಿಯ ಮಗನಿಗೆ ದಾನಪತ್ರ ಮಾಡಿಕೊಟ್ಟರು. ಈಗ ಅವರ ಹಾಸಿಗೆ ಹಿತ್ತಲ ಕಡೆ, ಕೊಬ್ಬರಿ ಚೀಲ ಒಟ್ಟುವ ಕೋಣೆಗೆ ಹೋಗಿದೆ. ಮಗ ಸೊಸೆ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಾರೆ. ಮಧ್ಯಾಹ್ನ ಅಜ್ಜಿ ನೀರು ಕೇಳುತ್ತಾರೆ, ಪತ್ರ ಬರೆದವರು ಕಿಟಕಿಯಿಂದ ಬಾಟಲಿ ಕೊಡುತ್ತಾರೆ. ಗೊತ್ತಾದ ದಿನ ಸೊಸೆ "ನಮ್ಮ ಮನೆ ವಿಷಯಕ್ಕೆ ಬರಬೇಡಿ" ಎಂದರಂತೆ. ಪತ್ರ ಬರೆದವರ ಯಜಮಾನರದ್ದೂ ಅದೇ ಮಾತು: "ಸುಮ್ನಿರು, ನಾಳೆ ಮುಖ ಮುಖ ನೋಡಬೇಕಲ್ವಾ?" "ನಾನು ಅಧಿಕಪ್ರಸಂಗ ಮಾಡ್ತಿದ್ದೀನಾ? ಅಜ್ಜಿ ಬಾಯಿ ಬಿಡದಿದ್ದರೆ ನಾನೇನು ಮಾಡೋಕಾಗುತ್ತೆ?" ಎಂದು ಕೇಳಿದ್ದಾರೆ.

ಸಹೋದರಿ,

ಅಧಿಕಪ್ರಸಂಗ ಅಲ್ಲ. ಮಧ್ಯಾಹ್ನದ ಹೊತ್ತು ಆ ಅಜ್ಜಿಯ ದನಿ ಕೇಳಿಸುವುದು ಇಡೀ ಬೀದಿಯಲ್ಲಿ ನಿಮಗೊಬ್ಬರಿಗೇ ಇರಬೇಕು.

ನನ್ನ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಹಬ್ಬಕ್ಕೆ, ಮದುವೆಗೆ ಕರೆಯೋಕೆ ಎಂದು ವರ್ಷಕ್ಕೆ ಮೂರು ನಾಲ್ಕು ಸಲ ಅವರ ಮನೆಗೆ ಹೋಗುತ್ತಿದ್ದೆ. "ಊಟ ಆಯ್ತಾ ದೊಡ್ಡಮ್ಮ?" ಎಂದರೆ ಬಾಗಿಲಲ್ಲಿ ನಿಂತ ಅಣ್ಣ "ಈಗಷ್ಟೇ ಆಯ್ತು" ಎನ್ನುತ್ತಿದ್ದ. "ಕಾಲು ನೋವು ಹೇಗಿದೆ?" ಎಂದರೆ "ವಯಸ್ಸಾಯ್ತಲ್ಲ, ಇದ್ದದ್ದೇ." ದೊಡ್ಡಮ್ಮ ಸೆರಗಿನ ಅಂಚು ಮಡಚುತ್ತಾ ಕೂತಿರುತ್ತಿದ್ದರು. ನಾನು ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ನರ್ಸ್ ಮಗ್ಗುಲು ತಿರುಗಿಸಿದರು. ಸೊಂಟದ ಕೆಳಗೆ ಅಂಗೈ ಅಗಲದ ಹುಣ್ಣು. ಅಷ್ಟು ವರ್ಷದಲ್ಲಿ ದೊಡ್ಡಮ್ಮನ ಹತ್ತಿರ ನಾನೊಬ್ಬನೇ ಕೂತು ಐದು ನಿಮಿಷ ಮಾತಾಡಿರಲಿಲ್ಲ ಎಂಬುದು ಆಗ ಹೊಳೆಯಿತು.

ಅದಕ್ಕೇ ನಿಮಗೆ ಮೊದಲು ಹೇಳುವುದು ಪೊಲೀಸು, ಕೋರ್ಟು ಅಲ್ಲ. ಅಜ್ಜಿಯ ಹತ್ತಿರ ಒಬ್ಬರೇ ಮಾತಾಡಿ. ಕಿಟಕಿಯ ಈಚೆಯಿಂದಲೇ ಆಗಲಿ. "ನಿಮಗೆ ತೊಂದರೆ ಕೊಡ್ತಾರಾ?" ಎಂದು ಕೇಳಬೇಡಿ. ಯಾವ ತಾಯಿಯೂ ಅದಕ್ಕೆ ಹೌದು ಎನ್ನುವುದಿಲ್ಲ. "ಬೆಳಿಗ್ಗೆ ಏನು ತಿಂದ್ರಿ? ಸ್ನಾನ ಯಾವತ್ತು ಆಯ್ತು? ಪಿಂಚಣಿ ಪಾಸ್‌ಬುಕ್ ಯಾರ ಹತ್ತಿರ ಇದೆ?" ಎಂದು ಕೇಳಿ. ಸಂಧ್ಯಾ ಸುರಕ್ಷಾ ಹಣ ತಿಂಗಳು ತಿಂಗಳು ಬರುತ್ತಿದ್ದು, ಅಜ್ಜಿ ಮಾತ್ರ ಮಾತ್ರೆಗೆ ಕಾಸಿಲ್ಲ ಎಂದರೆ ಅದೂ ಒಂದು ಬಗೆಯ ಕಿತ್ತುಕೊಳ್ಳುವಿಕೆಯೇ.

ಕಣ್ಣಿಗೂ ಕೆಲಸ ಕೊಡಿ. ಒಣಗಿದ ತುಟಿ, ಮೂತ್ರದ ವಾಸನೆ, ಹಿಮ್ಮಡಿಯ ಹುಣ್ಣು, ಒಡೆದು ತಿಂಗಳಾದರೂ ಸರಿಮಾಡಿಸದ ಕನ್ನಡಕ. ಮೈಮೇಲೆ ಕಪ್ಪು ಕಲೆ ಕಂಡ ತಕ್ಷಣ ಹೊಡೆದಿದ್ದಾರೆ ಅಂದುಕೊಳ್ಳಬೇಡಿ. ವಯಸ್ಸಾದವರ ಚರ್ಮ ತೆಳು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಸುಮ್ನೆ ತಾಗಿದರೂ ಕಲೆಯಾಗುತ್ತದೆ. ಕೆನ್ನೆ, ಕಿವಿ, ತೋಳಿನ ಒಳಬದಿ, ಎರಡೂ ಮಣಿಕಟ್ಟಿನಲ್ಲಿ ಕಂಡರೆ ಅನುಮಾನ ಪಡಬೇಕು. ಏನೇ ಕಂಡರೂ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಅಜ್ಜಿಗೆ ಮರೆವಿನ ಕಾಯಿಲೆ ಇದೆಯಾ ಎಂದು ನೀವು ಬರೆದಿಲ್ಲ. ಇದು ಮುಖ್ಯ. ಡಿಮೆನ್ಷಿಯಾ ಇದ್ದವರು ಬಾಗಿಲು ತೆಗೆದು ಎತ್ತಲೋ ನಡೆದುಬಿಡುತ್ತಾರೆ. ಆ ಹೆದರಿಕೆಗೇ ಚಿಲಕ ಹಾಕುವ ಮನೆಗಳಿವೆ. ಹಗಲು ದುಡಿದು, ರಾತ್ರಿ ನಾಲ್ಕು ಸಲ ಎದ್ದು ಅತ್ತೆಯ ಬಟ್ಟೆ ಬದಲಿಸುವ ಸೊಸೆಗೆ ನಾವು ದೂರದಿಂದ "ಕಟುಕಿ" ಎಂದು ಹಣೆಪಟ್ಟಿ ಅಂಟಿಸುತ್ತೇವೆ. ಮಗನನ್ನು ಯಾರೂ ಏನೂ ಅನ್ನುವುದಿಲ್ಲ, ನೋಡಿ. ಹಾಗೆಂದು ಚಿಲಕ ಸರಿ ಎನ್ನುತ್ತಿಲ್ಲ. ಬೆಂಕಿ ಹತ್ತಿದರೆ, ಅಜ್ಜಿ ಬಿದ್ದರೆ ಯಾರು ತೆಗೆಯಬೇಕು? ಮನುಷ್ಯರನ್ನು ಅವರಿಗೆ ಇಷ್ಟವಿಲ್ಲದೆ ಕೂಡಿಹಾಕುವುದು ಅಪರಾಧವೂ ಹೌದು. ಒಂದು ಸಂಜೆ ಹೋಗಿ ಆ ಸೊಸೆಗೆ ಹೀಗೆ ಹೇಳಿ ನೋಡಿ: "ನಾನು ಮನೆಯಲ್ಲೇ ಇರ್ತೀನಿ. ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋಗಿ, ಮಧ್ಯಾಹ್ನ ಒಂದು ಸಲ ನೋಡ್ತೀನಿ." ಸುಸ್ತಾದವಳಾದರೆ ಅವತ್ತೇ ಕೊಡುತ್ತಾಳೆ. ಕೊಡದಿದ್ದರೆ ಅದೇ ನಿಮಗೆ ಉತ್ತರ.

ಉಳಿದ ಮಕ್ಕಳೆಲ್ಲಿ? ಕಿರಿಯ ಮಗ ಎಂದಿದ್ದೀರಿ, ಅಂದರೆ ಹಿರಿಯರೂ ಇದ್ದಾರೆ. "ಮನೆ ಅವನಿಗೆ ಬರೆದುಕೊಟ್ಟರು, ಅವನೇ ನೋಡ್ಲಿ" ಎಂದು ಅವರು ಕೂತಿರಬಹುದು. ಕಾನೂನು ಹಾಗೆ ಹೇಳುವುದಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಹೊಣೆ ಹೊರಿಸುವುದು ಗಂಡು, ಹೆಣ್ಣು ಎಲ್ಲ ಮಕ್ಕಳ ಮೇಲೆ, ವಯಸ್ಸಿಗೆ ಬಂದ ಮೊಮ್ಮಕ್ಕಳ ಮೇಲೂ. ಮಕ್ಕಳು ಎಂಬ ಪಟ್ಟಿಯಲ್ಲಿ ಸೊಸೆಯ ಹೆಸರೇ ಇಲ್ಲ!

ಇನ್ನು, ಅಜ್ಜಿ ಒಪ್ಪಿದರೆ ದಾರಿ ನಿಮ್ಮೂರಲ್ಲೇ ಇದೆ. ಈ ಕಾಯ್ದೆಯ ನ್ಯಾಯಮಂಡಳಿ ಎಂದರೆ ಉಪವಿಭಾಗಾಧಿಕಾರಿ, ಜನ ಎ.ಸಿ. ಎನ್ನುತ್ತಾರಲ್ಲ ಅವರು. ತಿಪಟೂರಿನಲ್ಲಿ ಆ ಕಚೇರಿ ಇದೆ. ಅಜ್ಜಿಯೇ ಅರ್ಜಿ ಕೊಡಬಹುದು. ಕೈಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟವರು, ಅಂದರೆ ನೀವೂ ಕೊಡಬಹುದು. ಯಾರೂ ಅರ್ಜಿ ಕೊಡದಿದ್ದರೂ ವಿಷಯ ತಿಳಿದರೆ ನ್ಯಾಯಮಂಡಳಿ ತಾನಾಗಿಯೇ ಕೈಗೆತ್ತಿಕೊಳ್ಳಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸ್ ಮುಟ್ಟಿದ 90 ದಿನದಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಜಮೀನು ತಕರಾರು, ಚುನಾವಣೆ ಎಲ್ಲವನ್ನೂ ಹೊತ್ತ ಅಧಿಕಾರಿಯ ಹತ್ತಿರ 90 ದಿನ ಹಿಗ್ಗುವುದುಂಟು. ಬಿಡದೆ ಓಡಾಡಬೇಕಾಗುತ್ತದೆ.

ದಾನಪತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ತೊಡಕು ಇರುವುದು ಆ ಷರತ್ತಿನಲ್ಲೇ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಷರತ್ತು ಇತ್ತು ಎಂದು ತೋರಿಸದಿದ್ದರೆ ರದ್ದು ಮಾಡಲಾಗದು ಎಂದಿತು. 2025ರ ಜನವರಿ 2ರಂದು ಅದೇ ಕೋರ್ಟ್ ಮಧ್ಯಪ್ರದೇಶದ ತಾಯಿಯೊಬ್ಬರ ಪರ ತೀರ್ಪು ಕೊಟ್ಟಿತು. ಅಲ್ಲಿ ದಾನಪತ್ರದ ಜೊತೆಗೇ, ತಂದೆ ತಾಯಿಯನ್ನು ಕೊನೆತನಕ ನೋಡಿಕೊಳ್ಳುತ್ತೇನೆ ಎಂದು ಮಗ ಬೇರೆ ಪತ್ರ ಬರೆದುಕೊಟ್ಟಿದ್ದ. ಇದು ಹಿರಿಯರ ಒಳ್ಳೆಯದಕ್ಕೆ ಮಾಡಿದ ಕಾಯ್ದೆ, ಧಾರಾಳವಾಗಿ ಓದಬೇಕು ಎಂದು ಹೇಳಿ ಕೋರ್ಟ್ ದಾನಪತ್ರ ರದ್ದು ಮಾಡಿತು. ಹಾಗಾಗಿ ನಿಮ್ಮ ಅಜ್ಜಿಯ ಪತ್ರದ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ ಓದಿಸಬೇಕು. "ಮುಪ್ಪಿನಲ್ಲಿ ನೋಡಿಕೊಳ್ಳತಕ್ಕದ್ದು" ಎಂಬ ಒಂದು ಸಾಲು ಇದ್ದರೂ ಸಾಕು, ದೊಡ್ಡ ಬಲ. ಇದನ್ನು ಓದುತ್ತಿರುವ ಬೇರೆ ಹಿರಿಯರಿಗೆ ಒಂದು ಮಾತು: ದಾನಪತ್ರದ ಬದಲು ವಿಲ್ ಬರೆಯಿರಿ. ಉಸಿರಿರುವ ತನಕ ಅದನ್ನು ಬದಲಿಸಬಹುದು.

ವಕೀಲರಿಗೆ ದುಡ್ಡೆಲ್ಲಿ ಎನ್ನುವ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಗಂಡನಿಂದ ನೊಂದ ಹೆಂಡತಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ತಾಯಿಯೂ ಅದರಡಿ ದೂರು ಕೊಡಬಹುದು.

ಅಜ್ಜಿ ಏನೂ ಬೇಡ ಎಂದರೆ? ಬೇಡ ಎನ್ನುವ ಸಾಧ್ಯತೆಯೇ ಜಾಸ್ತಿ. "ಮಗನ ಮರ್ಯಾದೆ ಹೋಗುತ್ತೆ" ಎನ್ನುತ್ತಾರೆ. ಬುದ್ಧಿ ಸ್ಥಿಮಿತದಲ್ಲಿದ್ದವರ ಮಾತನ್ನು ತಳ್ಳಿಹಾಕಿ ನಾವೇ ಕೇಸು ಜಡಿಯುವುದು ನನಗೆ ಸರಿ ಕಾಣುವುದಿಲ್ಲ. ಆದರೆ 14567 ಎಂಬ ಹಿರಿಯರ ಸಹಾಯವಾಣಿಗೆ ನೀವು ಇವತ್ತೇ ಫೋನ್ ಮಾಡಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. ಸಲಹೆ ಕೇಳುವುದು ದೂರು ಕೊಟ್ಟ ಹಾಗಲ್ಲ. ಕೂಗಿದರೆ ಅಜ್ಜಿ ಓಗೊಡುತ್ತಿಲ್ಲ, ಬಿದ್ದಿದ್ದಾರೆ, ಹೊಡೆಯುವ ಸದ್ದು ಕೇಳುತ್ತಿದೆ ಎಂದರೆ ಮಾತ್ರ ಯಾರ ಒಪ್ಪಿಗೆಗೂ ಕಾಯಬೇಡಿ. ನೇರ 112.

ನಿಮ್ಮ ಯಜಮಾನರಿಗೆ ಈ ಪುಟ ತೋರಿಸಿ. ನಾಳೆ ಮುಖ ಮುಖ ನೋಡಬೇಕು ಎಂದರಲ್ಲ, ಕಿಟಕಿಯೊಳಗೆ ಅಜ್ಜಿಯ ಮುಖವೂ ಇದೆ ಎಂದು ನಾನು ಹೇಳಿದೆ ಅನ್ನಿ.

ಬಾಟಲಿ ಕೊಡುವುದನ್ನು ನಿಲ್ಲಿಸಬೇಡಿ. ಮಲಗಿಕೊಂಡು ಕುಡಿದರೆ ನೆತ್ತಿಗೇರುತ್ತದೆ. ಎದ್ದು ಕೂತು ಗುಟುಕು ಗುಟುಕಾಗಿ ಕುಡಿಯಿರಿ ಎಂದು ಹೇಳಿ, ಕುಡಿದು ಮುಗಿಯುವವರೆಗೂ ಅಲ್ಲೇ ನಿಂತಿರಿ. ಬೀಗದ ಕೈ ಸಿಕ್ಕಿತೋ ಇಲ್ಲವೋ, ಬರೆಯಿರಿ.

— ಸಂಪಾದಕ